ನಾವೇಕೆ ಸರ್ವಿಸ್ ರಸ್ತೆಯಲ್ಲಿದ್ದೇವೆ?

ಮದ್ದೂರಿನಿಂದ ಮಂಡ್ಯಕ್ಕೆ ಹೋಗುವವರಿಗೆ ಹನಕೆರೆ ಅಪರಿಚಿತ ಊರಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರು ಸಮೀಪದ ಗೆಜ್ಜಲಗೆರೆಯಲ್ಲಿ ಈ ದಶಪಥ ಹೆದ್ದಾರಿಯನ್ನು ಉದ್ಘಾಟಿಸಿದರು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳು ಇಳಿಯಬಾರದೆಂಬ ನಿಷೇಧ ಜಾರಿಗೆ ಬಂತು. ಅಪಘಾತಗಳನ್ನು ತಡೆಯುವ ಉದ್ದೇಶ ಅದರ ಹಿಂದಿತ್ತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರಸ್ತೆಗೆ ಜಮೀನು ಕೊಟ್ಟ ಊರಿನ ಮನುಷ್ಯ ತನ್ನ ಬೈಕಿನೊಂದಿಗೆ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಸಾಗಬೇಕಾಗಿದೆ. ರಸ್ತೆ ಎಲ್ಲರದು, ಪ್ರವೇಶ ಮಾತ್ರ ಕೆಲವು ವಾಹನಗಳಿಗೆ.

ಇಂದು ಕಂಪ್ಯೂಟರು ಮತ್ತು ಮೊಬೈಲಿನ ಜಗತ್ತಿನಲ್ಲಿಯೂ ಇಂಥದೇ ಹೆದ್ದಾರಿ ನಿರ್ಮಾಣವಾಗಿದೆ. ಅರ್ಜಿ, ವಿದ್ಯಾರ್ಥಿ ವೇತನ, ಪಡಿತರ, ಆಸ್ತಿ ನೋಂದಣಿ ಎಲ್ಲವೂ ಅದರ ಮೇಲೆಯೇ ಚಲಿಸುತ್ತಿವೆ. ಅಲ್ಲಿಯೂ ಕೆಲವು ವಾಹನಗಳಿಗೆ ಮಾತ್ರ ಪ್ರವೇಶವಿದೆ. ಒಂದು ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ತೆರೆಯುತ್ತದೆ, ಇನ್ನೊಂದು ಆಂಡ್ರಾಯ್ಡ್ ಮೊಬೈಲಿನಲ್ಲಿ ಮಾತ್ರ. ಮತ್ತೊಂದು ಐದು ವರ್ಷ ಹಳೆಯ ಫೋನನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ಸುರಕ್ಷತೆಯ ಹೆಸರಿನಲ್ಲಿ ಹಳೆಯ ಯಂತ್ರಗಳನ್ನು ಹೊರಗಿಡುವ ಕ್ರಮ ಜಗತ್ತಿನಾದ್ಯಂತ ನಡೆದಿದೆ. 2023ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳಲ್ಲಿ ವಾಟ್ಸ್ಆ್ಯಪ್ ನಿಂತುಹೋಯಿತು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ಶ್ರೀಮಂತನು ಹೊಸ ಯಂತ್ರ ಕೊಳ್ಳುತ್ತಾನೆ. ಗ್ಯಾರೇಜಿನಲ್ಲಿ ದುಡಿಯುವವನು, ಬೀಡಿ ಕಟ್ಟುವ ತಾಯಿ, ತರಕಾರಿ ಗಾಡಿ ತಳ್ಳುವವನು ಏನು ಮಾಡಬೇಕು?

ಈ ಪ್ರಶ್ನೆ ನಮ್ಮ ಸಮುದಾಯಕ್ಕೆ ಎಷ್ಟು ದುಬಾರಿಯಾಗಿದೆ ಎಂಬುದನ್ನು 2025ನೇ ವರ್ಷ ತೋರಿಸಿಕೊಟ್ಟಿತು. ವಕ್ಫ್ ತಿದ್ದುಪಡಿ ಕಾಯ್ದೆ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಜೂನ್ 6ರಂದು ಕೇಂದ್ರ ಸರಕಾರ 'ಉಮೀದ್' ಎಂಬ ಪೋರ್ಟಲ್ ತೆರೆದು, ದೇಶದ ಪ್ರತಿಯೊಂದು ವಕ್ಫ್ ಆಸ್ತಿಯ ವಿವರವನ್ನು ಆರು ತಿಂಗಳೊಳಗೆ ಅದರಲ್ಲಿ ತುಂಬಬೇಕೆಂದಿತು. ಕಾಯ್ದೆಯ ಆಶಯದ ಬಗ್ಗೆ ನಮ್ಮ ವಿರೋಧ ಎಲ್ಲರಿಗೂ ತಿಳಿದದ್ದೇ. ಇಲ್ಲಿ ನಾವು ಎತ್ತುತ್ತಿರುವುದು ಬೇರೊಂದು ಮಾತು. ಹಳೆಯ 'ವಾಮ್ಸಿ' ವ್ಯವಸ್ಥೆಯಲ್ಲಿ ಸುಮಾರು 8.72 ಲಕ್ಷ ಆಸ್ತಿಗಳ ವಿವರ ಮೊದಲೇ ಇತ್ತು. ಅದನ್ನು ಹೊಸ ವ್ಯವಸ್ಥೆಗೆ ಸಾಗಿಸಿ, ತಪ್ಪಿದ್ದರೆ ತಿದ್ದಿರೆಂದು ಮುತವಲ್ಲಿಗಳಿಗೆ ಹೇಳಬಹುದಿತ್ತು. ಹಾಗಾಗಲಿಲ್ಲ. ಒಂದು ಸರಕಾರಿ ಯಂತ್ರದಲ್ಲಿದ್ದುದನ್ನು ಇನ್ನೊಂದು ಸರಕಾರಿ ಯಂತ್ರಕ್ಕೆ ಹೊಸದಾಗಿ ತುಂಬುವ ಹೊಣೆ ಹಳ್ಳಿಯ ಮಸೀದಿಯ ಮುತವಲ್ಲಿಯ ಹೆಗಲಿಗೆ ಬಿತ್ತು. ಗಡುವು ಮುಗಿದಾಗ ಸಚಿವಾಲಯವೇ ಕೊಟ್ಟ ಲೆಕ್ಕದ ಪ್ರಕಾರ ನೋಂದಣಿ ಆರಂಭವಾಗಿದ್ದುದು ಸುಮಾರು 5.17 ಲಕ್ಷ ಆಸ್ತಿಗಳದು, ಅನುಮೋದನೆ ಪಡೆದುದು ಸುಮಾರು 2.16 ಲಕ್ಷ. ಡಿಸೆಂಬರ್ 1ರಂದು ಸುಪ್ರೀಮ್ ಕೋರ್ಟ್ ಗಡುವನ್ನು ಸಾಮೂಹಿಕವಾಗಿ ವಿಸ್ತರಿಸಲು ಒಪ್ಪದೆ, ಅಗತ್ಯವಿದ್ದವರು ನ್ಯಾಯಮಂಡಳಿಗೆ ಹೋಗಲಿ ಎಂದಿತು. ಕಂಪ್ಯೂಟರಿನ ಮುಂದೆ ಸೋತವನು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಲ್ಲಿಯವರೆಗಿನ ಮಾತಿಗೆ ಓದುಗರು ತಲೆದೂಗಿರಬಹುದು. ಸರಕಾರವನ್ನು ದೂರುವುದು ಸುಲಭ. ಇನ್ನು ಮುಂದಿನ ಮಾತು ನಮ್ಮ ಕುರಿತಾದುದು.

ಆ ಆರು ತಿಂಗಳಲ್ಲಿ ನಮ್ಮ ಮಸೀದಿ ಕಮಿಟಿಗಳ ಕಪಾಟುಗಳಲ್ಲಿ ಏನು ಸಿಕ್ಕಿತು? ನಾವು ಬಲ್ಲ ಒಂದು ಮಸೀದಿಯಲ್ಲಿ ಕಾರ್ಯದರ್ಶಿಯವರು ಹದಿನೈದು ವರ್ಷಗಳ ಲೆಕ್ಕಪತ್ರ, ಅಂಗಡಿ ಬಾಡಿಗೆಯ ಕರಾರು, ಸಭೆಯ ನಡಾವಳಿ ಎಲ್ಲವನ್ನೂ ಶ್ರದ್ಧೆಯಿಂದ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡ ಬಳಿಕ ಆ ಕಡತಗಳನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿದಾಗ ಪರದೆಯ ಮೇಲೆ ಮೂಡಿದುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ಗೊಂಡಾರಣ್ಯ! ಹಳೆಯ ಅಕ್ಷರ ಶೈಲಿ ಹೊಸ ಯಂತ್ರದಲ್ಲಿ ಇರಲಿಲ್ಲ, ಅಷ್ಟೆ. ಉರ್ದುವಿನಲ್ಲಿದ್ದ ವಕ್ಫ್‌ನಾಮದ ಪ್ರತಿಯ ಗತಿಯೂ ಇದೇ ಆಗಿತ್ತು. ಅದನ್ನು ತೆರೆಯುವ ತಂತ್ರಾಂಶ ಆ ಊರಿನಲ್ಲಿ ಯಾರ ಬಳಿಯೂ ಇರಲಿಲ್ಲ. ಕಾಗದದ ಮೂಲಪ್ರತಿಯನ್ನು ಗೆದ್ದಲು ತಿಂದಿತ್ತು. ಕಂಪ್ಯೂಟರಿನ ಪ್ರತಿಯನ್ನು ನಮ್ಮ ಅಜ್ಞಾನ ತಿಂದಿತು.

ಇದೇಕೆ ಹೀಗಾಗುತ್ತದೆ ಎಂಬುದನ್ನು ತಿಳಿಯಲು ತಂತ್ರಜ್ಞರಾಗಬೇಕಿಲ್ಲ. ಕಂಪ್ಯೂಟರು ಅಕ್ಷರವನ್ನು ಅರಿಯದು, ಅದು ಅರಿಯುವುದು ಸಂಖ್ಯೆಯನ್ನು. ಹಿಂದೆ ಕನ್ನಡಕ್ಕೆ ಅದರದೇ ಸಂಖ್ಯೆಗಳು ಬಳಕೆಯಲ್ಲಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರಗಳ ಪೀಠದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಯಿತು. 1998ರಲ್ಲಿ ಬಂದ 'ಬರಹ', ಆನಂತರ ಕನ್ನಡ ಗಣಕ ಪರಿಷತ್ತು ರೂಪಿಸಿ ಸರಕಾರಿ ಕಚೇರಿಗಳಲ್ಲೆಲ್ಲ ನೆಲೆಸಿದ 'ನುಡಿ' ಆ ಕಾಲದ ಕನ್ನಡಕ್ಕೆ ಮಹದುಪಕಾರ ಮಾಡಿದವು. ಅವುಗಳ ಋಣವನ್ನು ಮರೆಯುವುದು ಕೃತಘ್ನತೆ. ಉರ್ದುವಿಗೆ 1994ರಲ್ಲಿ ಬಂದ 'ಇನ್‌ಪೇಜ್' ಕೂಡ ನಸ್ತಾಲೀಕ್ ಲಿಪಿಯ ಸೊಬಗನ್ನು ಪ್ರತಿಯೊಂದು ಮುದ್ರಣಾಲಯಕ್ಕೆ ತಲುಪಿಸಿತು. ಆದರೆ ಇವೆಲ್ಲ ಮೂಲತಃ ವಿಂಡೋಸ್‌ಗಾಗಿ ಕಟ್ಟಿದ ಮನೆಗಳು. ಹಳೆಯ ವಿಧಾನದಲ್ಲಿ ಬರೆದುದು ಆ ಮನೆಯಿಂದ ಹೊರಬಂದೊಡನೆ ತನ್ನ ಗುರುತನ್ನೇ ಕಳೆದುಕೊಳ್ಳುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದುದು ಯುನಿಕೋಡ್. ಅದರಲ್ಲಿ ಲೋಕದ ಎಲ್ಲ ಭಾಷೆಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯಿದೆ. ಕನ್ನಡದ 'ಕ' 3221, ಉರ್ದುವಿನ 'ಪೇ' 1662. ಮಂಡ್ಯದ ಕಂಪ್ಯೂಟರಿನಲ್ಲಿಯೂ ಮಕ್ಕಾದ ಮೊಬೈಲಿನಲ್ಲಿಯೂ ಆ ಸಂಖ್ಯೆ ಬದಲಾಗದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಯುನಿಕೋಡ್ ಕನ್ನಡ ಲಭ್ಯವಿತ್ತು. ಮುಂದೆ 'ನುಡಿ'ಯೂ 'ಇನ್‌ಪೇಜ್' ಕೂಡ ಆ ದಾರಿಗೆ ಬಂದವು. 2017ರಲ್ಲಿ ಐಫೋನಿಗೂ ನಸ್ತಾಲೀಕ್ ಬಂತು. ದಾರಿ ತೆರೆದು ಇಪ್ಪತ್ತು ವರ್ಷ ಕಳೆದರೂ ನಮ್ಮ ಎಷ್ಟೋ ಸಂಸ್ಥೆಗಳು ಇನ್ನೂ ಹಳೆಯ ವಿಧಾನದಲ್ಲೇ ಬರೆಯುತ್ತಿವೆ. ಯಾಕೆ? 'ನಮ್ಮ ಟೈಪಿಸ್ಟಿಗೆ ಅದೇ ಅಭ್ಯಾಸ' ಎಂಬುದೇ ಉತ್ತರ.

ಎಲ್ಲ ನಗರಗಳ ಮುಸ್ಲಿಮರೂ ಒಂದೇ ಗ್ರಂಥವನ್ನು ಒಂದೇ ರೀತಿಯಲ್ಲಿ ಓದಲೆಂದು ಪ್ರಮಾಣಿತ ಪ್ರತಿಗಳನ್ನು ಸಿದ್ಧಪಡಿಸಿ ವಿವಿಧ ಪ್ರಾಂತಗಳಿಗೆ ಕಳುಹಿಸಿದ ಖಲೀಫ ಉಸ್ಮಾನ್(ರ)ರ ಅನುಯಾಯಿಗಳು ನಾವು. ಪ್ರಮಾಣೀಕರಣದ ಮಹತ್ವವನ್ನು ನಮಗೆ ಬೇರೆಯವರು ಕಲಿಸಬೇಕಿತ್ತೇ? ಆದರೆ ನಮ್ಮ ಚರಿತ್ರೆಯಲ್ಲಿ ಇನ್ನೊಂದು ಪುಟವೂ ಇದೆ. 1450ರ ದಶಕದಲ್ಲಿ ಯುರೋಪಿನಲ್ಲಿ ಅಚ್ಚು ಮೊಳೆಯ ಮುದ್ರಣ ಆರಂಭವಾಯಿತು. ಉಸ್ಮಾನಿಯಾ ರಾಜಧಾನಿಯಲ್ಲಿ ಇಬ್ರಾಹೀಮ್ ಮುತಫರ್ರಿಕಾರ ಮುದ್ರಣಾಲಯದಿಂದ ಮೊದಲ ಪುಸ್ತಕ ಹೊರಬಂದುದು 1729ರಲ್ಲಿ. ನಡುವಿನ ಆ ಶತಮಾನಗಳ ಬೆಲೆಯನ್ನು ನಾವು ಇಂದಿಗೂ ತೆರುತ್ತಿದ್ದೇವೆ. ಮತ್ತೊಮ್ಮೆ ಅದೇ ತಪ್ಪನ್ನು ಮಾಡುವುದೇ?

ಇನ್ನು ಆ್ಯಪ್‌ಗಳ ವ್ಯಾಮೋಹ. ಇಂದು ಪ್ರತಿಯೊಂದು ಸಂಘಟನೆಗೂ ತನ್ನದೊಂದು ಆ್ಯಪ್ ಬೇಕು. ವೇದಿಕೆ, ಹಾರ, ಗಣ್ಯರಿಂದ ಬಿಡುಗಡೆ, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ. ಎರಡು ವರ್ಷಗಳ ಬಳಿಕ ಹುಡುಕಿದರೆ ಆ್ಯಪ್ ಇಲ್ಲ! ಆ್ಯಪ್ ಎಂಬುದು ಕಟ್ಟಿ ಬಿಟ್ಟರೆ ನಿಲ್ಲುವ ಗೋಡೆಯಲ್ಲ, ನಿತ್ಯ ನೀರೆರೆಯಬೇಕಾದ ಗಿಡ. ಆಂಡ್ರಾಯ್ಡ್ ವರ್ಷವರ್ಷವೂ ಹೊಸದಾಗುತ್ತದೆ. ಅದಕ್ಕೆ ತಕ್ಕಂತೆ ನವೀಕರಿಸದ ಆ್ಯಪ್ ಹೊಸ ಫೋನುಗಳಿಗೆ ಸಿಗದಂತಾಗುತ್ತದೆ. ಐಫೋನಿಗೆ ಬೇರೆಯೇ ಆ್ಯಪ್ ಸಿದ್ಧಪಡಿಸಬೇಕು, ಅದನ್ನು ಅಲ್ಲಿರಿಸಲು ವರ್ಷಕ್ಕೆ 99 ಡಾಲರ್ ಶುಲ್ಕ ತೆರಬೇಕು. ಬಿಡುಗಡೆಯ ಸಮಾರಂಭಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವವರು ಮರುವರ್ಷದ ನಿರ್ವಹಣೆಗೆ ಒಂದು ರೂಪಾಯಿಯನ್ನೂ ತೆಗೆದಿಡುವುದಿಲ್ಲ. ಇದು ಜನರ ಚಂದಾ ಹಣ ಎಂಬ ಭಯ ಬೇಡವೇ?

ನಮಾಝಿನ ವೇಳಾಪಟ್ಟಿ, ಮದ್ರಸದ ಪಾಠ, ಝಕಾತ್‌ನ ಅರ್ಜಿ, ಮದುವೆಯ ನೋಂದಣಿ ಇವಕ್ಕೆಲ್ಲ ಆ್ಯಪ್ ಬೇಕಿಲ್ಲ. ಸರಳವಾದ ಒಂದು ಜಾಲತಾಣ ಸಾಕು. ಹಳೆಯ ಫೋನು, ಹೊಸ ಫೋನು, ಸೈಬರ್ ಅಂಗಡಿಯ ಕಂಪ್ಯೂಟರು, ಯಾವುದರಲ್ಲಿಯೂ ಅದು ತೆರೆಯುತ್ತದೆ. ಆ್ಯಪ್ ಬೇಕೇ ಬೇಕೆಂದರೆ, ಒಮ್ಮೆ ಬರೆದ ತಂತ್ರಾಂಶ ಆಂಡ್ರಾಯ್ಡ್, ಐಫೋನ್ ಎರಡರಲ್ಲಿಯೂ ನಡೆಯುವಂತೆ ಮಾಡುವ ಫ್ಲಟರ್, ರಿಯಾಕ್ಟ್ ನೇಟಿವ್‌ನಂತಹ ಉಚಿತ ಸಾಧನಗಳಿವೆ. ಅವನ್ನು ಬಲ್ಲ ತರುಣ ತರುಣಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಬೆಂಗಳೂರಿನ ಕಂಪೆನಿಗಳಲ್ಲಿ ಹಗಲಿರುಳು ದುಡಿಯುವ ಈ ಮಕ್ಕಳನ್ನು ಕಮಿಟಿಯ ಹಿರಿಯರು ಎಂದಾದರೂ ಕರೆದು ಕೇಳಿದ್ದುಂಟೇ? ಮದುವೆಯ ಮಾತುಕತೆಯಲ್ಲಿ ಅವರ ಸಂಬಳ ವಿಚಾರಿಸುವ ನಾವು ಅವರ ವಿದ್ಯೆಯನ್ನು ಮಾತ್ರ ವಿಚಾರಿಸಲಿಲ್ಲ.

ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬ ಆಜ್ಞೆ ಇರುವುದು ಕುರ್‌ಆನಿನ ಅತಿ ದೀರ್ಘ ವಚನದಲ್ಲಿ, ಅಲ್ ಬಕರಃ ಅಧ್ಯಾಯದ 282ರಲ್ಲಿ. ಬರೆದಿಡುವುದೆಂದರೆ ನಾಳೆ ಓದಲಾಗುವಂತೆ ಬರೆಯುವುದು ಎಂದೇ ಅರ್ಥ. ಓದಲಾಗದ ದಾಖಲೆ ಸಾಕ್ಷ್ಯವಾಗದು. ವಕ್ಫ್ ಒಂದು ಅಮಾನತ್. ಅದರ ಕಾಗದಪತ್ರವೂ ಅಮಾನತ್. ಅದನ್ನು ಒಬ್ಬ ವ್ಯಕ್ತಿಯ, ಒಂದು ಯಂತ್ರದ, ಒಂದು ತಂತ್ರಾಂಶದ ವಶಕ್ಕೆ ಬಿಡುವುದು ಹೊಣೆಗೇಡಿತನ.

ಸರಕಾರಕ್ಕೆ ನಮ್ಮ ಆಗ್ರಹ ಸ್ಪಷ್ಟ. ಇ-ಆಡಳಿತದಲ್ಲಿ ಮುಕ್ತ ಮಾನದಂಡಗಳನ್ನು ಬಳಸಬೇಕೆಂಬ ನೀತಿಯನ್ನು ಕೇಂದ್ರವೇ 2010ರಲ್ಲಿ ಪ್ರಕಟಿಸಿದೆ. ಅದನ್ನು ಕಡತದಿಂದ ಬೀದಿಗೆ ಇಳಿಸಲಿ. ಯಾವುದೇ ಸೌಲಭ್ಯದ ಅರ್ಜಿ ಅಗ್ಗದ ಫೋನಿನಲ್ಲಿಯೂ ಕನ್ನಡದಲ್ಲಿ ತೆರೆಯಲಿ. ಯಂತ್ರ ಕೈಕೊಟ್ಟಲ್ಲಿ ಕಾಗದದ ಅರ್ಜಿಯನ್ನು ಸ್ವೀಕರಿಸಲಿ. ಒಂದು ಇಲಾಖೆಗೆ ಕೊಟ್ಟ ಮಾಹಿತಿಯನ್ನು ಮತ್ತೆ ಮತ್ತೆ ಕೇಳದಿರಲಿ.

ನಮ್ಮ ಜಮಾಅತ್‌ಗಳಿಗೂ ನಮ್ಮ ಆಗ್ರಹ ಅಷ್ಟೇ ಸ್ಪಷ್ಟ. ಮುಂದಿನ ಜುಮಾದೊಳಗೆ ಮಸೀದಿಯ ಕಂಪ್ಯೂಟರನ್ನೊಮ್ಮೆ ತೆರೆದು ನೋಡಿರಿ. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿರಿ. ಪ್ರತಿಯೊಂದು ದಾಖಲೆಯ ಮೂರು ಪ್ರತಿಗಳನ್ನು ಮೂರು ಕಡೆ ಇಡಿರಿ. ಗುಪ್ತಪದ ಒಬ್ಬರ ನೆನಪಿನಲ್ಲಿ ಮಾತ್ರ ಉಳಿಯದಿರಲಿ. ಈ ಕೆಲಸವನ್ನು ಊರಿನ ಇಬ್ಬರು ವಿದ್ಯಾವಂತ ಯುವಕರಿಗೆ ಒಪ್ಪಿಸಿ, ಅವರ ಶ್ರಮಕ್ಕೆ ಸಂಭಾವನೆ ಕೊಡಿರಿ.

ಹೆದ್ದಾರಿಯಲ್ಲಿ ನಮಗೆ ಜಾಗ ಕೊಡಿರೆಂದು ಕೇಳುವುದು ನಮ್ಮ ಹಕ್ಕು. ಅದನ್ನು ಕೇಳುತ್ತಲೇ ಇರೋಣ. ಆದರೆ ನಮ್ಮದೇ ಮನೆಯ ಅಂಗಳದಲ್ಲಿ ನಾವೇ ಹಾಕಿಕೊಂಡ ತಡೆಗೋಡೆಯನ್ನು ತೆಗೆಯಲು ಯಾವ ಸರಕಾರದ ಅನುಮತಿ ಬೇಕು?