ಕಂತು ತಿಂಗಳಿಗೆ, ಪೀಕು ವರ್ಷಕ್ಕೆ: ಹೊಸ ಹಿಮಾಲಯನ್ 450 ಬೇಕಾ, ಹಳೇ 411 ಸಾಕಾ?



ಮೆಕ್ಕೆಜೋಳ ಮಾರಿ ದುಡ್ಡು ಕೈಗೆ ಬರೋ ಹೊತ್ತಿಗೆ ನಮ್ಮ ಹುಡುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತದೆ. "ಅಣ್ಣಾ, ಹೊಸ ಹಿಮಾಲಯನ್ 450 ಬುಕ್ ಮಾಡ್ಲಾ, ಇಲ್ಲಾ ಹಳೇ 411 ಸೆಕೆಂಡ್ ಹ್ಯಾಂಡ್ ಹುಡುಕ್ಲಾ?" ಗೊಬ್ಬರ, ಔಷಧಿ ಬಗ್ಗೆ ಬರೆಯೋ ಜಾಗದಲ್ಲಿ ಬೈಕಿನ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಗಾಡಿಯ ದುಡ್ಡು ಹೊಲದಿಂದಲೇ ಬರೋದು ನೋಡ್ರಿ, ಹಾಗಾಗಿ ಇದು ಹೊಲದ ಲೆಕ್ಕವೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ದಾವಣಗೆರೆ, ಹರಿಹರ ಕಡೆ ಬೇಸಾಯ ನಂಬಿಕೊಂಡು, ವರ್ಷಕ್ಕೆ ಎರಡೋ ಮೂರೋ ಸಲ ದೂರದ ಪ್ರಯಾಣ ಹೋಗೋ ಹುಡುಗರಿಗೆ ಚೆನ್ನಾಗಿ ಇಟ್ಟುಕೊಂಡಿರೋ ಹಳೇ 411 ಸಾಕು. ಸಾಲ ಮಾಡಿ 450 ತರೋದು ಬೇಡ. 450 ಕೆಟ್ಟ ಗಾಡಿ ಅಂತ ಅಲ್ಲ. ಅದು ಒಳ್ಳೇ ಗಾಡಿ. ಆದ್ರೆ ಅದು ಕೊಡೋ ಹೆಚ್ಚಿನದ್ದು ನಮಗೆಷ್ಟು ಉಪಯೋಗ ಅನ್ನೋದು ಪ್ರಶ್ನೆ.

ಮೊದಲು ಗಾಡಿಗಳ ವಿಷಯ. 411 ಬಂದಿದ್ದು 2016ರಲ್ಲಿ. ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗೋ ಒಂದೇ ಸಿಲಿಂಡರ್ ಎಂಜಿನ್, ಸುಮಾರು 24 ಎಚ್‌ಪಿ, ಐದು ಗೇರ್, 15 ಲೀಟರ್ ಟ್ಯಾಂಕ್. 2023ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ 450 ಬಂತು. 452 ಸಿಸಿ, ರೇಡಿಯೇಟರ್ ಇರೋ ಎಂಜಿನ್, ಸುಮಾರು 40 ಎಚ್‌ಪಿ, ಆರು ಗೇರ್, 17 ಲೀಟರ್ ಟ್ಯಾಂಕ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, 24 ಎಚ್‌ಪಿ ಅಂದ್ರೆ ಅಡಿಕೆ ತೋಟದ ಸಾಲಿನೊಳಗೆ ಓಡಾಡೋ ಮಿನಿ ಟ್ರ್ಯಾಕ್ಟರ್, 40 ಎಚ್‌ಪಿ ಅಂದ್ರೆ ರೋಟವೇಟರ್ ಹೊಡೆಯೋ ದೊಡ್ಡ ಟ್ರ್ಯಾಕ್ಟರ್. ವ್ಯತ್ಯಾಸ ಸಣ್ಣದಲ್ಲ.

ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಹಳೇದು 199 ಕೆಜಿ, ಹೊಸದು 196 ಕೆಜಿ. ಎರಡೂ ಹತ್ತಿರ ಹತ್ತಿರ ಎರಡು ಕ್ವಿಂಟಲ್! ಹಂಗಾಗಿ "ಹೊಲಕ್ಕೂ ಆಗ್ತದೆ, ಟೂರಿಗೂ ಆಗ್ತದೆ" ಅನ್ನೋ ಮಾತು ಬಿಟ್ಟುಬಿಡ್ರಿ. ಎರೆ ಮಣ್ಣಿನ ಬಂಡಿ ಜಾಡಿನಲ್ಲಿ ಒಂದು ಮಳೆ ಬಿದ್ದರೆ ಎರಡೂ ಹೂತು ನಿಲ್ಲೋವೇ. ಹೊಲಕ್ಕೆ ಮೊಪೆಡ್ಡೋ ನೂರು ಸಿಸಿ ಗಾಡಿಯೋ ಇದ್ದೇ ಇರ್ತದೆ, ಅದೇ ಇರಲಿ. ಇದು ಊರೂರು ತಿರುಗೋ ಗಾಡಿ, ಅಷ್ಟೇ. ಸೀಟಿನ ಎತ್ತರ ಹಳೇದಕ್ಕೆ 800 ಮಿಲಿಮೀಟರ್, ಹೊಸದಕ್ಕೆ 825. ಐದೂವರೆ ಅಡಿ ಒಳಗಿನವರಿಗೆ, ಹಿಂದೆ ಮನೆಯವರನ್ನ ಕೂರಿಸಿಕೊಂಡು ಇಳಿಜಾರಲ್ಲಿ ನಿಲ್ಲಿಸೋವಾಗ, ಆ ಒಂದು ಇಂಚು ಗೊತ್ತಾಗ್ತದೆ.

ಈಗ ಹೆದ್ದಾರಿಗೆ ಬರೋಣ. "411 ನೂರರ ಮೇಲೆ ಉಸಿರುಗಟ್ಟುತ್ತೆ, 450 ನೂರಿಪ್ಪತ್ತರಲ್ಲೂ ನಿರಾಳ" ಅಂತಾರೆ. ಮಾತು ಸುಳ್ಳಲ್ಲ. ಆದ್ರೆ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ವೇಗದ ಮಿತಿ ಗಂಟೆಗೆ 80 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. 80ರಲ್ಲಿ ಎಲ್ಲೂ ನಿಲ್ಲದೆ ಹೋದ್ರೆ ಮೂರೂ ಕಾಲು ಗಂಟೆ. 100ರಲ್ಲಿ ಹೋದ್ರೆ ಎರಡು ಗಂಟೆ ಮೂವತ್ತಾರು ನಿಮಿಷ. ಉಳಿಯೋದು ನಲವತ್ತು ನಿಮಿಷ. ಹಿರಿಯೂರಿನ ಹತ್ತಿರ ಊಟಕ್ಕೆ ಕುಂತರೆ ಅಷ್ಟು ಹೊತ್ತು ಅಲ್ಲೇ ಹೋಗ್ತದೆ. ಅದಕ್ಕೆ ಮಿತಿ ಮೀರಬೇಕು, ಜೀವ ಪಣಕ್ಕಿಡಬೇಕು. ಇನ್ನು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗಂತೂ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವೇ ಇಲ್ಲ.

ನಮ್ಮವರು ಹೋಗೋ ದಾರಿ ಯಾವುವು? ಹರಿಹರದಿಂದ ಹೊನ್ನಾಳಿ, ಶಿಕಾರಿಪುರ, ಸಾಗರದ ಮೇಲೆ ಜೋಗ. ಹರಪನಹಳ್ಳಿ ಮೇಲೆ ಹೊಸಪೇಟೆ, ಹಂಪಿ. ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ. ಊರೊಳಗೆ ಹಂಪು, ಊರ ಹೊರಗೆ ಗುಂಡಿ, ಮಧ್ಯೆ ಭತ್ತದ ಟ್ರ್ಯಾಕ್ಟರು, ಕಬ್ಬಿನ ಲಾರಿ. ಈ ರಸ್ತೆಗಳಲ್ಲಿ 60, 70ರ ಮೇಲೆ ಹೋಗೋ ಸಂದರ್ಭವೇ ಕಮ್ಮಿ. ಕಡಿಮೆ ವೇಗದಲ್ಲಿ, ಎತ್ತಿನ ಹಾಗೆ ಎಳೆಯೋದು 411ರ ಗುಣ. 450ಯ ನಿಜವಾದ ಬಲ ಬರೋದು ಎಂಜಿನ್ ಸುತ್ತು ಏರಿದ ಮೇಲೆ.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತು. ಟ್ರ್ಯಾಕ್ಟರ್ ಮೇಲೆ 12ರಿಂದ 5ಕ್ಕೆ ಇಳೀತು, ಸಂತೋಷ. 350 ಸಿಸಿ ತನಕದ ಬೈಕಿಗೆ 28ರಿಂದ 18ಕ್ಕೆ ಇಳೀತು. 350 ದಾಟಿದ ಬೈಕಿಗೆ ಮಾತ್ರ ಸೆಸ್ ಸೇರಿ 31 ಇದ್ದದ್ದು 40 ಆಯ್ತು. ಹಂಗಾಗಿ 450ಯ ಶೋರೂಂ ಬೆಲೆ ಮೂರು ಲಕ್ಷ ದಾಟಿತು. ಅದರ ಮೇಲೆ ಕರ್ನಾಟಕದಲ್ಲಿ ಲಕ್ಷ ಮೀರಿದ ಬೈಕಿಗೆ ಜೀವಾವಧಿ ತೆರಿಗೆ ನೂರಕ್ಕೆ 18. ವಿಮೆ, ನೋಂದಣಿ ಸೇರಿದ್ರೆ ಕೆಎ-17 ನಂಬರ್ ಬೀಳೋ ಹೊತ್ತಿಗೆ ಮೂರು ಮುಕ್ಕಾಲು ಲಕ್ಷ ದಾಟುತ್ತೆ.

ಇದನ್ನ ಜೋಳಕ್ಕೆ ತಿರುಗಿಸಿ ನೋಡ್ರಿ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಅದೇ ಬೆಲೆ ಸಿಕ್ತು ಅಂದ್ಕೊಂಡ್ರೂ ಮೂರು ಮುಕ್ಕಾಲು ಲಕ್ಷಕ್ಕೆ 156 ಕ್ವಿಂಟಲ್ ಬೇಕು. ಆ ವರ್ಷ ಮಾರುಕಟ್ಟೆಯಲ್ಲಿ ಆ ಬೆಲೆ ಸಿಗದೆ ರೈತರು ಬೀದಿಗಿಳಿದದ್ದು ಎಲ್ಲರಿಗೂ ಗೊತ್ತು. ಎಕರೆಗೆ 22 ಕ್ವಿಂಟಲ್ ಹಿಡಿದ್ರೂ ಏಳು ಎಕರೆಯ ಪೂರಾ ಬೆಳೆ, ಅದೂ ಬೀಜ ಗೊಬ್ಬರ ಕೂಲಿ ಕಳೆಯದೆ. ಹಳೇ 411ಕ್ಕೆ ಸ್ಥಿತಿ ನೋಡಿ ಒಂದೂವರೆ ಲಕ್ಷದ ಆಸುಪಾಸು ಕೇಳ್ತಾರೆ. ಅದು 62 ಕ್ವಿಂಟಲ್ ಲೆಕ್ಕ. ಜೀವಾವಧಿ ತೆರಿಗೆ ಮೊದಲನೇ ಮಾಲೀಕ ಕಟ್ಟಿಯಾಗಿರ್ತದೆ.

ಸಾಲದ ಲೆಕ್ಕ ಇನ್ನೂ ಬಿಗಿ. ಮೂರು ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ 11ರ ಬಡ್ಡಿ, ಮೂರು ವರ್ಷ ಅಂತ ಹಿಡೀರಿ. ತಿಂಗಳಿಗೆ ಸುಮಾರು 9,800 ರೂಪಾಯಿ ಕಂತು. ಬಡ್ಡಿಯೇ 53 ಸಾವಿರ ದಾಟುತ್ತೆ. ಸಂಬಳದವನಿಗೆ ಒಂದನೇ ತಾರೀಕು ದುಡ್ಡು ಬರ್ತದೆ, ಐದನೇ ತಾರೀಕು ಕಂತು ಹೋಗ್ತದೆ. ನಮಗೆ ದುಡ್ಡು ಬರೋದು ಸುಗ್ಗಿಯಲ್ಲಿ. ಜೂನ್, ಜುಲೈನಲ್ಲಿ ಬಿತ್ತನೆ, ಗೊಬ್ಬರ, ಮಕ್ಕಳ ಶಾಲೆ ಫೀಸು ಒಟ್ಟಿಗೇ ಬರ್ತಾವೆ, ಅದೇ ತಿಂಗಳಲ್ಲಿ ಕಂತೂ ನಿಲ್ಲೋದಿಲ್ಲ. ಎರಡು ಕಂತು ತಪ್ಪಿದ್ರೆ ಸಿಬಿಲ್ ಅಂಕ ಬೀಳ್ತದೆ. ಮುಂದೆ ಟ್ರ್ಯಾಕ್ಟರ್‌ಗೋ ಮನೆಗೋ ಸಾಲ ಕೇಳೋವಾಗ ಅದು ಅಡ್ಡ ಬರ್ತದೆ. ಬೈಕಿನ ಆಸೆಗೆ ಬೆಳೆ ಸಾಲದ ದಾರಿ ಕೆಡಿಸಿಕೊಳ್ಳಬಾರದು.

"ನಿಂತುಹೋದ ಮಾಡೆಲ್, ಬಿಡಿಭಾಗ ಸಿಗುತ್ತಾ?" ಇದು ನ್ಯಾಯವಾದ ಪ್ರಶ್ನೆ. 411 ನಿಂತರೂ ಅದೇ ಎಂಜಿನ್ ದೊಡ್ಡದಾಗಿ 443 ಸಿಸಿ ಆಗಿ, 2025ರಲ್ಲಿ ಬಂದ ಸ್ಕ್ರಾಮ್ 440ಯಲ್ಲಿ ಓಡ್ತಾ ಇದೆ. ಎಂಜಿನ್ನಿನ ವಂಶ ನಿಂತಿಲ್ಲ. ಇನ್ನೊಂದು ಮಾತು. ಹರಿಹರದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು, ಆದ್ರೆ ಅಲ್ಲಿ ತಯಾರಾದ ಲೇತ್‌ಗಳು ಇವತ್ತಿಗೂ ವರ್ಕ್‌ಶಾಪ್‌ಗಳಲ್ಲಿ ತಿರುಗ್ತಾ ಇದಾವೆ. ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಗಾಡಿ ತಯಾರಿಸೋಕೆ ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು, ಯೆಜ್ಡಿಗಳು ಇನ್ನೂ ರಸ್ತೆ ಮೇಲೆ ಕಾಣ್ತಾವೆ. ಯಂತ್ರದ ಆಯುಸ್ಸು ಅದನ್ನ ಬಿಚ್ಚಿ ಕೂಡಿಸಬಲ್ಲ ಕೈಗಳ ಮೇಲೂ ನಿಂತಿರ್ತದೆ. 411ರಲ್ಲಿ ಒಂದು ಕ್ಯಾಮ್, ಎರಡು ವಾಲ್ವ್. ಬುಲೆಟ್ ರಿಪೇರಿ ಗೊತ್ತಿರೋ ಮೇಸ್ತ್ರಿ ಟ್ಯಾಪೆಟ್ ಸರಿಮಾಡ್ತಾನೆ. 450ಯಲ್ಲಿ ಎರಡು ಕ್ಯಾಮ್, ನಾಲ್ಕು ವಾಲ್ವ್, ಎಲೆಕ್ಟ್ರಾನಿಕ್ ಥ್ರಾಟಲ್. ಕೆಲಸ ಬಂದ್ರೆ ಕಂಪನಿ ಸರ್ವಿಸ್ ಸೆಂಟರ್ ಬಾಗಿಲೇ ಗತಿ.

450ಯ ಪರವಾಗಿ ಹೇಳಬೇಕಾದ ಒಂದು ದೊಡ್ಡ ವಿಷಯ ಇದೆ, ಮುಚ್ಚಿಡಬಾರದು. ಅದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು. ನಮ್ಮ ಜಿಲ್ಲೆಯ ಮುಖ್ಯ ಬೆಳೆಯಾದ ಮೆಕ್ಕೆಜೋಳವೂ ಎಥನಾಲ್‌ಗೆ ಹೋಗ್ತದೆ, ಅದರಿಂದ ಜೋಳಕ್ಕೆ ಗಿರಾಕಿ ಆಯ್ತು ಅನ್ನೋದೂ ನಿಜ. ಆದ್ರೆ 450 ಆ ಪೆಟ್ರೋಲ್‌ಗೆ ತಯಾರಾಗಿ ಬಂದ ಗಾಡಿ. 2023ರ ಏಪ್ರಿಲ್‌ಗಿಂತ ಹಿಂದಿನ 411ಗಳು ಹಾಗಲ್ಲ. ಮೈಲೇಜ್ ಸ್ವಲ್ಪ ಇಳೀತದೆ, ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗಬಹುದು. ಎಥನಾಲ್ ತೇವ ಎಳೆಯೋ ವಸ್ತು. ಬಿತ್ತನೆ ಕಾಲದಲ್ಲಿ ಎರಡು ತಿಂಗಳು ಗಾಡಿ ಮೂಲೆಯಲ್ಲಿ ನಿಲ್ಲಿಸೋರು ವಾರಕ್ಕೊಮ್ಮೆಯಾದ್ರೂ ಓಡಿಸಬೇಕು, ಪೆಟ್ರೋಲ್ ಹಳೇದಾಗೋಕೆ ಬಿಡಬಾರದು. 450ಯ ಬ್ರೇಕ್ ಡಿಸ್ಕ್‌ಗಳೂ ದೊಡ್ಡವು, ರಾತ್ರಿ ಪ್ರಯಾಣಕ್ಕೆ ದೀಪವೂ ಉತ್ತಮ.

ಹಾಗಾದ್ರೆ 450 ಯಾರು ತಗೋಬೇಕು? ಸಾಲ ಇಲ್ಲದೆ ಕೈಯಲ್ಲಿ ದುಡ್ಡಿರೋರು, ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ನಿಜವಾಗಿಯೂ ತಿರುಗೋರು, ಲಡಾಖ್ ಅಂತ ಬಾಯಲ್ಲಿ ಹೇಳದೆ ಹೊರಟೇ ಹೋಗೋರು. ಅಂಥವರು ತಗೊಳ್ಳಲಿ, ಹೊಟ್ಟೆಕಿಚ್ಚೇನಿಲ್ಲ.

411 ಹುಡುಕೋರಿಗೆ ನಾಲ್ಕು ಮಾತು:

1. 2020ರ ನಂತರದ ಬಿಎಸ್-6 ಗಾಡಿಯನ್ನೇ ನೋಡ್ರಿ. ಹಿಂದಿನ ಚಕ್ರದ ಎಬಿಎಸ್ ಆರಿಸೋ ಸ್ವಿಚ್ ಇರ್ತದೆ, ಮಣ್ಣು ಜಲ್ಲಿ ದಾರಿಗೆ ಉಪಯೋಗ. 2016ರ ಕಾರ್ಬುರೇಟರ್ ಗಾಡಿ ಅಗ್ಗ ಅಂತ ಹೋಗಬೇಡ್ರಿ.

2. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಡುವೆ ಕಚ್ಚಿದ ಹಾಗಾದ್ರೆ ಕೋನ್ ಸೆಟ್ ಹೋಗಿದೆ ಅಂತ ಅರ್ಥ. ಫೋರ್ಕ್‌ನಲ್ಲಿ ಆಯಿಲ್ ಜಿನುಗು, ಸಡಿಲ ಕಡ್ಡಿ, ಚೈನ್ ಸ್ಪ್ರಾಕೆಟ್ ಸವೆತ ನೋಡ್ರಿ.

3. ತಣ್ಣಗಿರೋ ಎಂಜಿನ್ನನ್ನ ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ರೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬನ್ನಿ.

4. ಬೆಂಗಳೂರು ಗಾಡಿಯಾದ್ರೆ ಬಾಕಿ ಟ್ರಾಫಿಕ್ ದಂಡ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಎರಡನ್ನೂ ಪರಿವಾಹನ್ ತಾಣದಲ್ಲಿ ನೋಡಿ. ಸಾಲ ತೀರಿದ್ದಕ್ಕೆ ಫಾರಂ 35, ಹೆಸರು ಬದಲಿಗೆ ಫಾರಂ 29, 30 ಸಹಿ ಆಗೋ ತನಕ ಪೂರ್ತಿ ದುಡ್ಡು ಕೊಡಬೇಡ್ರಿ.

ಉಳಿದ ದುಡ್ಡಿನಲ್ಲಿ ಒಳ್ಳೇ ಹೆಲ್ಮೆಟ್ ಎರಡು, ಹೊಸ ಟೈರ್ ಒಂದು ಜೊತೆ, ಗಾಡಿಗೆ ಪೂರ್ತಿ ಸರ್ವಿಸ್ ಮಾಡಿಸಿ. ಆಮೇಲೂ ಒಂದೂವರೆ ಲಕ್ಷಕ್ಕೆ ಕಮ್ಮಿ ಇಲ್ಲದೆ ಉಳೀತದೆ. ಅದನ್ನ ಹನಿ ನೀರಾವರಿಗೆ ಹಾಕ್ತೀರೋ, ಮುಂದಿನ ಬಿತ್ತನೆಗೆ ಕೈಸಾಲ ತಪ್ಪಿಸಿಕೊಳ್ತೀರೋ ನಿಮಗೆ ಬಿಟ್ಟದ್ದು. ಜೋಗದ ನೀರು ಎರಡೂ ಗಾಡಿಯವರಿಗೆ ಒಂದೇ ಥರ ಕಾಣ್ತದೆ. ವಾಪಸ್ ಬಂದ ಮೇಲೆ ಕಂತಿನ ಫೋನು ಯಾರಿಗೆ ಬರ್ತದೆ ಅನ್ನೋದಷ್ಟೇ ಬೇರೆ.

ಎರಡರಲ್ಲಿ ಯಾವುದಾದರೂ ಇಟ್ಟುಕೊಂಡಿರೋರು ಓಡಿಸಿದ ಕಿಲೋಮೀಟರ್ ಮತ್ತು ಆದ ಖರ್ಚು ಕೆಳಗೆ ಬರೀರಿ. ಹುಡುಗರಿಗೆ ನನ್ನ ಮಾತಿಗಿಂತ ಆ ಲೆಕ್ಕ ಹೆಚ್ಚು ಕೆಲಸಕ್ಕೆ ಬರ್ತದೆ.