ಕೆರೆ ಮುಟ್ಟೋ ಹಕ್ಕು ಬಂತು, ಕೆರೇಲಿ ಏನಿದೆ ಅಂತ ತಿಳಿಯೋ ಹಕ್ಕು?



ಮೊನ್ನೆ ಬೈರಮಂಗಲ ಕೆರೆ ಕಡೆ ಹೋಗಿದ್ದೆ. ಬೆಂಗಳೂರಿನ ಚರಂಡಿ, ಕಾರ್ಖಾನೆಗಳ ಕೊಳಕು ಹೊತ್ತ ವೃಷಭಾವತಿ ಕೆಂಗೇರಿ, ಬಿಡದಿ ದಾಟಿ ಬಂದು ಸೇರೋದು ಇಲ್ಲಿಗೇ. ಮುಂದೆ ಕನಕಪುರದ ಕಡೆ ಹರಿದು ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಕೆರೆ ಹತ್ರ ಬಿಳಿ ನೊರೆ. ಆ ನೀರಲ್ಲಿ ನಿಂತು ಹುಲ್ಲು ಕೊಯ್ಯೋ ನಮ್ಮ ಹೆಣ್ಮಕ್ಕಳ ಕಾಲಲ್ಲಿ ತುರಿಕೆ, ಗಾಯ. ಒಬ್ಬ ಅಕ್ಕ ಕೇಳಿದರು: "ಅಣ್ಣಾ, ಇಲ್ಲಿ ಮೀನು ಅಗ್ಗಕ್ಕೆ ಸಿಗ್ತದೆ. ಮಕ್ಕಳಿಗೆ ಹಾಕ್ಬೋದಾ?" ನನ್ನ ಹತ್ರ ಉತ್ತರ ಇರಲಿಲ್ಲ.

ಉತ್ತರ ಹುಡುಕೋ ಉಪಕರಣ ಇದೆ. ಶುಗರ್ ನೋಡೋ ಮಿಷನ್ ಗೊತ್ತಲ್ಲ? ಪಟ್ಟಿ ಮೇಲಿನ ಒಂದು ಹನಿ ರಕ್ತದಿಂದ ಹುಟ್ಟೋ ಸಣ್ಣ ಕರೆಂಟನ್ನು ಅಳೆದು ಅಂಕಿ ಕೊಡುತ್ತೆ. ಅದೂ ಎಲೆಕ್ಟ್ರೋಕೆಮಿಕಲ್ ಸೆನ್ಸರೇ. ನೀರಿನಲ್ಲಿರೋ ಸೀಸ, ಕ್ಯಾಡ್ಮಿಯಂ ಕೂಡ ಇಂಥ ಸೆನ್ಸರಿನಿಂದ ಹಿಡೀಬಹುದು. ಲೋಹವನ್ನು ಎಲೆಕ್ಟ್ರೋಡ್ ಮೇಲೆ ಕೂರಿಸಿ, ಮತ್ತೆ ಕರಗಿಸುವಾಗ ಹರಿಯೋ ಕರೆಂಟು ಎಷ್ಟಿದೆ ಅಂತ ಹೇಳುತ್ತೆ. ಕುಡಿಯೋ ನೀರಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದು ಕಣ್ಣಿಗೂ ಕಾಣಲ್ಲ, ನಾಲಿಗೆಗೂ ಸಿಗಲ್ಲ.

ಕೊಳಚೆ ನೀರಲ್ಲಿ ಎಲೆಕ್ಟ್ರೋಡಿಗೆ ಜಿಡ್ಡು ಹತ್ತಿ ಅಂಕಿ ತಪ್ಪಬಹುದು. ಮೀನಿನ ಮಾಂಸವನ್ನು ಮೊದಲು ಆಸಿಡ್‌ನಲ್ಲಿ ಕರಗಿಸಬೇಕು. ಹಾಗಾಗಿ ಲ್ಯಾಬೂ ಬೇಕು, ಒಪ್ಪೋಣ. ಆದರೆ ಮೊದಲ ಎಚ್ಚರಿಕೆ ಊರಲ್ಲೇ ಸಿಗಬೇಕು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಕಾಯಿಲೆ ದಾಖಲಾಗೋ ಹೊತ್ತಿಗೆ ಪಾದರಸ ಮೀನಿನ ಮೂಲಕ ಬಡ ಮೀನುಗಾರರ ಮೈ ಸೇರಿಯಾಗಿತ್ತು. ನಾವೂ ಅಲ್ಲಿತನಕ ಕಾಯಬೇಕಾ?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆ ನೀರು ಕುಡಿದರು. ಅವತ್ತು ನಾವು ಮುಟ್ಟಿದರೆ ನೀರಿಗೆ ಮೈಲಿಗೆ ಅಂದರು. ಇವತ್ತು ನೀರು ಮುಟ್ಟಿದರೆ ನಮಗೆ ರೋಗ. ಅದನ್ನ ಹೇಳೋರೇ ಇಲ್ಲ.

ಜಲಜೀವನ್ ಮಿಷನ್‌ನಲ್ಲಿ ಊರಿಗೆ 5 ಜನ ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು. ಆ ಐವರಲ್ಲಿ ಕೇರಿಯ ಹೆಣ್ಮಕ್ಕಳು ಇರಲಿ. ಅವರ ಕೈಗೆ ಸೀಸ, ಕ್ಯಾಡ್ಮಿಯಂ ಹಿಡಿಯೋ ಮೀಟರೂ ಬರಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕಿನ ಕೆರೆ, ಬೋರ್‌ವೆಲ್ ಪರೀಕ್ಷೆಯಾಗಲಿ, ಮೀನು ಲ್ಯಾಬಿಗೆ ಹೋಗಲಿ. ಫಲಿತಾಂಶ ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಬೀಳಲಿ, ಗ್ರಾಮಸಭೆಯಲ್ಲಿ ಓದಲಿ.

ಮುಂದಿನ ಗ್ರಾಮಸಭೆಗೆ ಆ ಅಕ್ಕ, ನಾನು ಒಂದು ಬಾಟಲಿ ಕೆರೆ ನೀರು ಹಿಡ್ಕೊಂಡು ಹೋಗ್ತಿದ್ದೀವಿ. ನಿಮ್ಮೂರಿನದು ನೀವೂ ತಗೊಂಡು ಹೋಗಿ.

ಜೈ ಭೀಮ್.