ಬಹುಮತಕ್ಕೆ ಸಲ್ಲದ ಪ್ರಶ್ನೆ

ಶಾಲೆಯ ಬೋಧನಭಾಷೆಯನ್ನೂ ಬಹುಮತದಿಂದಲೇ ತೀರ್ಮಾನಿಸಲಿ ಎನ್ನುವ ಮಿತ್ರರಿದ್ದಾರೆ. ನಾವಿದನ್ನು ಸರ್ವಥಾ ಒಪ್ಪಲಾರೆವು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಶಾಸನಗಳನ್ನೇ ಮತದಾರರ ಮುಂದಿಟ್ಟು ಹೌದು ಅಥವಾ ಅಲ್ಲ ಎನ್ನಿಸುವ ಪದ್ಧತಿಯುಂಟು. 1998ರ ಜೂನ್ ತಿಂಗಳಲ್ಲಿ 227ನೆಯ ಪ್ರಸ್ತಾವ ಬಂದಿತು: ಇಂಗ್ಲಿಷ್ ಬಾರದ ಮಕ್ಕಳಿಗೂ, ಸಾಮಾನ್ಯವಾಗಿ ಒಂದು ವರ್ಷದ ವಿಶೇಷ ತರಗತಿಯ ತರುವಾಯ, ಇಂಗ್ಲಿಷಿನಲ್ಲಿಯೇ ಪಾಠವಾಗತಕ್ಕದ್ದು. ‘ಮಕ್ಕಳಿಗಾಗಿ ಇಂಗ್ಲಿಷ್’ ಎಂಬುದು ಅದರ ಘೋಷಣೆ. ಬೇಡವೆನ್ನುವ ಎದೆಗಾರಿಕೆ ಯಾರಿಗುಂಟು! ಮತವಿತ್ತವರಲ್ಲಿ ನೂರಕ್ಕೆ 61 ಮಂದಿ ಹೌದೆಂದರು. ಆ ಬೆಂಚುಗಳ ಮೇಲೆ ಕೂರುವ ಮಕ್ಕಳಿಗೆ ಮತವಿರಲಿಲ್ಲ. ಪೌರತ್ವವಿಲ್ಲದ ಅವರ ತಂದೆತಾಯಿಗಳಿಗೂ ಇರಲಿಲ್ಲ.

2016ರಲ್ಲಿ ಅದೇ ರಾಜ್ಯದ ಮತದಾರರು 58ನೆಯ ಪ್ರಸ್ತಾವದಿಂದ ಆ ಕಟ್ಟನ್ನು ಬಹುಮಟ್ಟಿಗೆ ಬಿಚ್ಚಿದರು. ನೂರಕ್ಕೆ 73ಕ್ಕೂ ಹೆಚ್ಚು ಮಂದಿಯ ಸಮ್ಮತಿ. (ಅದರ ಶೀರ್ಷಿಕೆಯೂ ಮೊದಲು ಹೆಸರಿಸಿದ್ದು ಇಂಗ್ಲಿಷ್ ಪ್ರಾವೀಣ್ಯವನ್ನೇ!) ಕಂಡಿರಾ, ಜನರೇ ತಿದ್ದಿಕೊಂಡರು ಎನ್ನುವರು ಮಿತ್ರರು. ನಿಜ. ಆದರೆ 1998ರಲ್ಲಿ ಆರು ವರ್ಷದವನಾಗಿದ್ದ ಬಾಲಕನಿಗೆ ಅಷ್ಟು ಹೊತ್ತಿಗೆ ಇಪ್ಪತ್ತನಾಲ್ಕು ತುಂಬಿತ್ತು. ಅವನ ಒಂದನೆಯ ತರಗತಿಯನ್ನು ಯಾವ ಮತಪೆಟ್ಟಿಗೆ ಹಿಂದಿರುಗಿಸೀತು?

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಲು ಯತ್ನಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಪ್ರತಿ ರಾಜ್ಯಕ್ಕೂ ಹೇಳುತ್ತದೆ. ತಲೆ ಎಣಿಸಿ ಕೊಡಿರೆಂದು ಹೇಳುವುದಿಲ್ಲ. ಕಾಸರಗೋಡಿನ ಕನ್ನಡ ತರಗತಿಯಲ್ಲಿ ನಿಂತಿರುವ ನಾವು ಇದಕ್ಕಾಗಿ ಇಡೀ ಕೇರಳದ ಮತವನ್ನು ಯಾಚಿಸತಕ್ಕವರಲ್ಲ.